ಅರ್ಧ ಅಂಕ

ಬೆಂಗ್ರೆಯ ಫೆರಿಯಲ್ಲಿ ಟಿಕೇಟು ಹರಿಯುತ್ತ
ಮೋನಾಕ ದಿನಾ ಕೂಗುತ್ತಾರೆ:
"ಟೀಚರ್ ಒಬ್ಬರು!"
ಒಂದಕ್ಕೂ ಬಹುವಚನ ಕೊಡುವ ಭಾಷೆ ಇದು,
ಅದೂ ಹತ್ತೇ ರೂಪಾಯಿಗೆ.

ನಡುಹೊಳೆಯಲ್ಲಿ ಮತ್ತೆ ಅವರದೇ ದನಿ:
"ಒಂದೇ ಬದಿ ನಿಲ್ಲಬೇಡಿ ಮಾರಾಯ್ರೆ, ಭಾರ ಹಂಚಿಕೊಳ್ಳಿ."

ಕಳೆದ ತಿಂಗಳು ಹಂಪನಕಟ್ಟೆಯಲ್ಲಿ ನಮಗೆ ಇಂಗ್ಲಿಷ್ ತರಬೇತಿ.
ಟೈ ಕಟ್ಟಿದ ಹುಡುಗ ಬೋರ್ಡಿನ ಮೇಲೆ
ಪದವನ್ನು ಅಂಜಲಿನ ಹಾಗೆ ತುಂಡು ಮಾಡಿ
ಒಂದು ತುಂಡಿನ ಕೆಳಗೆ ಗೆರೆ ಎಳೆದ: "ಇಲ್ಲಿ ಒತ್ತಿ."
'ಫೋಟೋ'ದಲ್ಲಿ 'ಫೋ' ಮೇಲೆ ಭಾರ.
'ಫೋಟೋಗ್ರಾಫರ್' ಬಂದರೆ ಅದೇ ಭಾರ ಎದ್ದು
'ಟೋ'ಗೆ ಹೋಗಿ ಕೂರುತ್ತದಂತೆ.
ನಾವು ಮೂವತ್ತು ಜನ ಎಲ್ಲ ತುಂಡಿಗೂ ಸಮನಾಗಿ ಕೂತೆವು,
ಫೆರಿ ಮಗುಚೀತೆಂಬ ಹೆದರಿಕೆಯಲ್ಲಿ.

ನನ್ನ ಒಂಬತ್ತನೇ ಕ್ಲಾಸಿನದು ಬೇರೆ ಕಷ್ಟ.
"ಬಹುವಚನ ಹೇಳಿ. ಮರ?"
"ಮರಗಳು."
"ಮೀನು?"
ಮುಂದಿನ ಬೆಂಚಿನ ನಫೀಲಾ ನಕ್ಕಳು:
"ಮೀನುಗಳು ಅಂತ ಯಾರು ಹೇಳ್ತಾರೆ ಟೀಚರ್?
ಧಕ್ಕೆಯಲ್ಲಿ ಸಾವಿರ ಬಿದ್ದರೂ ಮೀನೇ."
ಹೌದಲ್ಲ.
ನೂರು ಬೂತಾಯಿ, ಇನ್ನೂರು ಬಂಗುಡೆ;
ಅಂಕಿ ಹತ್ತಿದೊಡನೆ 'ಗಳು' ಇಳಿದು ಹೋಗುತ್ತದೆ.

ಆಮೇಲೆ ಛಂದಸ್ಸು.
ಅವರವರ ಹೆಸರಿಗೆ ಪ್ರಸ್ತಾರ ಹಾಕಲು ಹೇಳಿದೆ.
ಯತೀಶ: ಲಘು, ಗುರು, ಮತ್ತೆ ಲಘು,
ಎತ್ತಿ ಇಳಿಸಿದ ಹುಟ್ಟಿನ ಹಾಗೆ.
ನಾಲ್ಕು ಮಾತ್ರೆ. ಸರಿ.
ಅಷ್ಟರಲ್ಲಿ ಮರಳ ದಿಬ್ಬದ ಆಚೆಯಿಂದ
ಅವನ ಅಮ್ಮ ವಾರಿಜಕ್ಕ, ಬುಟ್ಟಿ ತಲೆಯ ಮೇಲಿದ್ದಂತೆಯೇ,
"ಯತೀಶಾ" ಎಂದರು.
ಮನೆಯ ಕೀ ಇವನ ಕಿಸೆಯಲ್ಲೇ ಉಳಿದಿತ್ತಂತೆ.
ಬಡಪಾಯಿ 'ಶ', ಈಗಷ್ಟೇ ಲಘುವೆಂದು ಒಪ್ಪಿದ್ದೆ,
ಗಾಳಿ ಹಿಡಿದು, ಹೊಳೆ ದಾಟಿ
ಸುಲ್ತಾನ್ ಬತ್ತೇರಿಯ ಗೋಡೆಗೆ ತಾಗುವಷ್ಟು ಉದ್ದವಾಯಿತು.
"ಇದಕ್ಕೆ ಪ್ಲುತ ಎಂದು ಹೆಸರು. ಮೂರು ಮಾತ್ರೆ," ಎಂದೆ.
ಹಿಂದಿನಿಂದ ಯಾರೋ:
"ಮೂರಲ್ಲ ಟೀಚರ್, ಅವರದ್ದು ಯಾವಾಗಲೂ ಹನ್ನೆರಡು."

ಕಿರುಪರೀಕ್ಷೆಯ ಹಾಳೆಗಳನ್ನು ಸಂಜೆ ಫೆರಿಯಲ್ಲೇ ತಿದ್ದುವುದು.
ಅಣ್ಣ: ಅಣ್ಣಂದಿರು. ಗಿಡ: ಗಿಡಗಳು.
ಅಪ್ಪ ಎಂಬುದರ ಮುಂದೆ
ಯತೀಶ ಬರೆದಿದ್ದ: ಇಲ್ಲ.

ಅವನು ಇಲ್ಲ. ಅವಳು ಇಲ್ಲ. ಅವರು ಇಲ್ಲ. ಅವು ಇಲ್ಲ.
ಬರುತ್ತಾನೆ, ಬರುತ್ತಾಳೆ, ಬರುತ್ತಾರೆ ಎಂದು
ಯಾರಿಗೆ ಯಾವ ಬಾಲವೆಂದು ಲೆಕ್ಕ ಇಡುವ ಇದೇ ಭಾಷೆ
ಈ ಎರಡಕ್ಷರಕ್ಕೆ ಬಂದಾಗ
ಗಂಡೋ ಹೆಣ್ಣೋ, ಎಷ್ಟು ಮಂದಿಯೋ,
ಏನನ್ನೂ ವಿಚಾರಿಸುವುದಿಲ್ಲ.

ನಾನೂ ವಿಚಾರಿಸಲಿಲ್ಲ.
ಅಪ್ಪನಿಗೆ ಬಹುವಚನ ಇಲ್ಲ ಎಂದಷ್ಟೇ ಇರಬಹುದು.
ಬೋಟು ಗೋವಾ ಕಡೆಗೆ ಹೋಗಿ ತಿಂಗಳಾಗಿರಬಹುದು.
ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಮೊದಲು 'ಶ್ರೀ' ಇದೆ,
'ದಿವಂಗತ' ಇಲ್ಲ.
(ನೋಡಿ, ಇಲ್ಲೂ ಅದೇ ಮಾತು.)

ಸರಿಯುತ್ತರ ಅಪ್ಪಂದಿರು. ಗೊತ್ತು.
ತಪ್ಪು ಹಾಕಲು ಕೈ ಬರಲಿಲ್ಲ, ಅರ್ಧ ಅಂಕ ಕೊಟ್ಟೆ.
ಒಂದು ಬರೆದು, ಅದರಡಿ ಗೆರೆ ಎಳೆಯುವಾಗ
ಫೆರಿ ಧಕ್ಕೆಗೆ ತಾಗಿ ಕುಲುಕಿತು.
ಎರಡು ಬರೆಯಲು ಜಾಗವಿಲ್ಲದಷ್ಟು ದೂರ
ಗೆರೆ ಅವನ ಉತ್ತರದ ತಲೆಯ ಮೇಲೆ ಹೋಗಿ ನಿಂತಿತು,
ಗುರುವಿನ ಗುರುತಿನ ಹಾಗೆ.

"ಇಳೀರಿ ಟೀಚರ್," ಎಂದರು ಮೋನಾಕ.