ಖಾಲಿ ಪೆಟ್ಟಿಗೆಯ ಲೆಕ್ಕ

ಘೆಂಟ್ ಊರಲ್ಲಿ, ಲೀ ನದಿಯ ದಂಡೆಗೆ, ನಮ್ಮದೊಂದು ಅಂಗಡಿ.
ಲೀವನ್ ಕಂಪ್ಯೂಟರ್ ಜೋಡಿಸುತ್ತಿದ್ದ,
ನಾನು ಲೆಕ್ಕ ಬರೆಯುತ್ತಿದ್ದೆ.
ಅವನ ತುಟಿಗಳ ನಡುವೆ ಸದಾ ನಾಲ್ಕು ಸ್ಕ್ರೂ,
ಅದಕ್ಕೇ ಮಾತು ಕಡಿಮೆ.

ತೊಂಬತ್ತೆರಡರ ನವೆಂಬರಿನಲ್ಲಿ ಒಪ್ಪಂದ ಬಂತು,
ಹತ್ತೊಂಬತ್ತು ಪುಟ. ತಂದ ಹುಡುಗ ಒಳ್ಳೆಯವನೇ,
ತೊಯ್ದ ಕೋಟು ಕುರ್ಚಿಗೆ ತಾಗದಂತೆ
ಮಡಿಲಲ್ಲಿ ಹಿಡಿದು ಕೂತಿದ್ದ.
ದರ ಅರ್ಧಕ್ಕರ್ಧ ಅಗ್ಗ.
ಕಲಂ ಆರು: ಶುಲ್ಕ, ಹೊರಗೆ ಹೋದ ಯಂತ್ರಗಳ ತಲೆಯೆಣಿಕೆಗೆ.
ಒಳಗೆ ನಮ್ಮದನ್ನು ತುಂಬಿದಿರೋ, ಇನ್ನೊಬ್ಬರದನ್ನೋ,
ಏನೂ ತುಂಬದೆ ಕಳಿಸಿದಿರೋ,
ಅದು ನಿಮಗೆ ಬಿಟ್ಟದ್ದು.

ನಿಮಗೆ ಬಿಟ್ಟದ್ದು!
ಇಷ್ಟು ಹಿತವಾದ ಮಾತನ್ನು
ಬ್ಯಾಂಕಿನವರೂ ನಮಗೆ ಆಡಿರಲಿಲ್ಲ.

ಬಂದರಿನ ಧಾನ್ಯ ತೂಗುವವರ ಸಂಘಕ್ಕೆ
ನಲವತ್ತಮೂರು ಯಂತ್ರ ಬೇಕಿತ್ತು,
ಲುವೆನ್‌ನ ಮೂವರು ಸೇರಿ ಬರೆದ ಸಿಸ್ಟಮ್ಮಿನೊಂದಿಗೆ.
ಕರೆಂಟು ಹೋದರೂ ಅದು ತೂಕ ಮರೆಯುತ್ತಿರಲಿಲ್ಲವಂತೆ.
ಆ ಮೂವರಲ್ಲಿ ಟೀನೆ ಅನ್ನುವವಳು
ಫ್ಲಾಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ಕೊಡುತ್ತಿದ್ದಳು,
ಹಣ ಎಣಿಸದೆ ಜೇಬಿಗೆ ಹಾಕುತ್ತಿದ್ದಳು.
ಅವಳಿಗೂ ಕೊಟ್ಟೆವು, ಇವರಿಗೂ ಕೊಟ್ಟೆವು.
ಇವರಿಗೆ, ಇಲ್ಲದ ಸರಕಿಗೆ,
ಐವತ್ತೆಂಟು ಸಾವಿರದ ಐವತ್ತು ಫ್ರಾಂಕು.
ಫೋನು ಮಾಡಿ ಕೇಳಿದೆ.
ಸುಂಕದವನ ಮುಂದೆ ಸುಖದುಃಖ.

ಮುಂದಿನ ಗಿರಾಕಿ ಬಂದಾಗ ಲೀವನ್
ಸ್ಕ್ರೂಗಳನ್ನು ಅಂಗೈಗೆ ಉಗುಳಿದ:
ಹೇಗಿದ್ದರೂ ಕೊಟ್ಟಾಗಿದೆಯಲ್ಲ,
ಅದನ್ನೇ ತುಂಬೋಣ.
ಆ ವರ್ಷ ಅವನಾಡಿದ ಅತಿ ಉದ್ದದ ಮಾತು ಅದು.
ನಾನು ತಲೆಯಾಡಿಸಿದೆ.

ಬ್ರಸೆಲ್ಸ್‌ನ ವಿಚಾರಣೆಗೆ ಕರೆದರು.
ಕಿಟಕಿಯಿಲ್ಲದ ಹಾಲು, ಹೂಜಿಯಲ್ಲಿ ನೀರು,
ಗಾಜಿನ ಗೂಡುಗಳಲ್ಲಿ ದುಭಾಷಿಗಳು.
ಕಂಪನಿಯ ವಕೀಲರು ಮೆಲ್ಲಗೆ ಕೇಳಿದರು,
ಅಮ್ಮಾ, ಬೇರೆಯವರದನ್ನು ಮಾರಬೇಡಿ ಎಂದು
ನಮ್ಮವರು ಯಾರಾದರೂ ಹೇಳಿದ್ದುಂಟೇ?
ಇಲ್ಲ, ಅಂದೆ.
ನಿಜವೇ ಅಲ್ಲವೇ, ಯಾರು ಹೇಳಿದ್ದರು?
ನನ್ನ ಒಂದು ಇಲ್ಲ ಗಾಜಿನಾಚೆ ಹೋಗಿ
ಹನ್ನೊಂದು ಭಾಷೆಯ ಇಲ್ಲವಾಯಿತು.
ಕಿವಿಗೆ ಸಿಕ್ಕಿಸಿಕೊಂಡವರೆಲ್ಲ ಒಟ್ಟಿಗೆ ಬರೆದುಕೊಂಡರು.
ಆಮೇಲೆ ಏನೋ ಹೇಳಬೇಕಿತ್ತು.
ಮೈಕಿನ ಕೆಂಪು ದೀಪ ಆರಿತ್ತು.

ತೀರ್ಪು ಬರಲು ಎಂಟು ವರ್ಷ.
ಅಷ್ಟರಲ್ಲಿ ಫ್ರಾಂಕು ಹೋಗಿ ಯೂರೋ ಬಂತು,
ನಮ್ಮ ಅಂಗಡಿಯಲ್ಲಿ ಈಗ ಬೀಗದ ಕೈ ಮಾಡುತ್ತಾರೆ.
ಕಂಪನಿ ತಪ್ಪಿತಸ್ಥ ಎಂದರು.
ದಂಡದ ಸೊನ್ನೆಗಳು ಪತ್ರಿಕೆಯ ಎರಡು ಕಾಲಮ್ಮಿಗೆ ಹರಡಿದ್ದವು.
ಲೀವನ್ ಅದನ್ನು ಓದಿ, ಮಡಚಿ,
ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟ.
ದಂಡ ಒಕ್ಕೂಟದ ಖಜಾನೆಗೆ, ಅದು ಸರಿಯೇ.
ನಮಗೆ ಬಂದದ್ದು ನನ್ನ ಲೆಕ್ಕದ ಪುಸ್ತಕ,
ರಟ್ಟಿನ ಮೇಲೆ ನೀಲಿ ಮುದ್ರೆ: ಸಾಕ್ಷ್ಯ ಇನ್ನೂರ ಹನ್ನೊಂದು.

ನಲವತ್ತಮೂರು ಸಾಲೂ ಹಾಗೇ ಇವೆ,
ಯಾರೋ ಪೆನ್ಸಿಲಿನಲ್ಲಿ ಒಂದೊಂದಕ್ಕೂ ಚುಕ್ಕಿ ಇಟ್ಟಿದ್ದಾರೆ.
ಹುಡುಕಿದೆ, ಅದರ ಮುಂದಿನ ವಾರ.
ಮಂಗಳವಾರವಿರಬೇಕು,
ಟೀನೆ ಡಬ್ಬಿ ತುಂಬ ತಂದಿದ್ದಳು.
ಈ ಸಲ ಬೇಡ, ಅಂದಿದ್ದೆ.
ಬೂಟಿಗೆ ಹತ್ತಿದ ಮಂಜು ಒರೆಸಿದ್ದು ಸಾಲದೆಂದು
ಹೋಗುವಾಗಲೂ ಚಾಪೆಗೆ ಮತ್ತೆ ಒರೆಸಿ ಹೋಗಿದ್ದಳು.

ಮಂಗಳವಾರದ ಪುಟದಲ್ಲಿ
ಅಂಚೆಚೀಟಿ ಇದೆ, ಕಾಫಿ ಪುಡಿ ಇದೆ.
ಅದು ಇಲ್ಲ. ಕೊಳ್ಳದ್ದನ್ನು
ಯಾವ ಕಾಲಮ್ಮಿಗೆ ಹಾಕುತ್ತಾರೆ?