ಕಟಕಟೆ

ಅರಸೀಕೆರೆಯ ಹಳೇ ಮುನ್ಸೀಫ್ ಕೋರ್ಟಿನ ಹಿತ್ತಿಲಲ್ಲಿ
ಹರಾಜಿಗೆ ನಿಂತಿದ್ದವು:
ಬೆತ್ತ ಹರಿದ ಕುರ್ಚಿ ಒಂಬತ್ತು,
ಮೂರೇ ಕಾಲಿನ ಗುಮಾಸ್ತರ ಮೇಜು,
ಗೆದ್ದಲು ಅರ್ಧ ಓದಿ ಬಿಟ್ಟ ಕಡತದ ಬೀರು,
ಮತ್ತೆ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ,
ಅದು.

ಅಂಗನವಾಡಿಯ ಜಲಜಾಕ್ಷಮ್ಮ
ಸೌದೆಯ ರೇಟಿಗೆ ಕೂಗಿ ಎಲ್ಲವನ್ನೂ ಹಿಡಿದು
ಸ್ಟೇಷನ್ ರಸ್ತೆಯ ನನ್ನ ಅಂಗಡಿಗೆ ತಂದಿಳಿಸಿದಳು.
"ಆಚಾರ್ರೇ, ಮಕ್ಕಳಿಗೆ ಏನಾದ್ರೂ ಮಾಡಿಕೊಡಿ,
ಕೂಲಿ ಮಾತ್ರ ಮುಂದಿನ ತಿಂಗಳು."
ಮುಂದಿನ ತಿಂಗಳು ಅನ್ನೋದು
ಅಂಗನವಾಡಿಯಲ್ಲಿ ಬೇರೆಯೇ ಒಂದು ಋತು.

ಮೊದಲು ಮೇಜು.
ದೊಡ್ಡವರದನ್ನು ಚಿಕ್ಕವರಿಗೆ ಮಾಡೋಕೆ
ಕಾಲು ಕೊಯ್ದರೆ ಸಾಕು ಅಂದುಕೊಂಡವರು ಬಡಗಿಗಳಲ್ಲ.
ಮೂರು ವರ್ಷದ ಮೊಣಕಾಲು ಎಲ್ಲಿ ಮಡಚುತ್ತೆ,
ಮೊಣಕೈ ಎಲ್ಲಿ ಕೂರುತ್ತೆ,
ಎಡವಿದರೆ ಹಣೆ ಯಾವ ಅಂಚಿಗೆ ಬಡಿಯುತ್ತೆ?
ಪಕ್ಕದ ಚಹಾದಂಗಡಿ ಬೀಬಿಜಾನಳ ಮೊಮ್ಮಗನನ್ನು
ಒಂದು ಬನ್ನಿನ ಲಂಚಕ್ಕೆ ಕೂರಿಸಿ ಅಳೆದೆ.
ಗೇಣು, ಗೇಣಿನ ಮೇಲೆ ನಾಲ್ಕು ಬೆರಳು.
ತುಕ್ಕು ಮೊಳೆ ಕಿತ್ತೆ, ನೂರಾ ಹನ್ನೊಂದು.
ಎಣಿಸಲೇಬೇಕು, ಒಂದು ಉಳಿದರೂ
ಅದು ಅಂಗಾಲನ್ನೇ ಹುಡುಕುತ್ತೆ.
ಮೂಲೆಗಳನ್ನೆಲ್ಲ ನಿಂಬೆಹಣ್ಣಿನ ಹಾಗೆ ದುಂಡಗೆ ತಂದೆ.
ಕೊಯ್ದ ಕಾಲುಗಳು ಕಟ್ಟಿ ಕೆಡವೋ ದಿಮ್ಮಿಗಳಾದವು,
ಮಿಕ್ಕವು ಒಂದು ಗೂಡ್ಸ್ ರೈಲು.
ಕಡತದ ಬೀರು ಅಡ್ಡಡ್ಡ ಮಲಗಿ
ಇಪ್ಪತ್ತು ಜೊತೆ ಪುಟ್ಟ ಚಪ್ಪಲಿಗಳನ್ನು ಹೊಟ್ಟೆಗೆ ಹಾಕಿಕೊಂಡಿತು.

ಅದನ್ನು ಮಾತ್ರ ಎಂಟು ದಿನ ಮುಟ್ಟಲಿಲ್ಲ.
ಗೋಣಿಚೀಲ ಹೊದಿಸಿಟ್ಟಿದ್ದೆ.

ನನಗಾಗ ಹತ್ತು. ಅದರ ಅಂಚು ನನ್ನ ಗಲ್ಲಕ್ಕೆ ಬರುತ್ತಿತ್ತು.
"ಸುಳ್ಳು ಹೇಳಿದರೆ ಏನಾಗುತ್ತೆ, ಗೊತ್ತಾ?"
ಅಂದರು ಮೇಲೆ ಕೂತವರು.
"ಕಣ್ಣು ಹೋಗ್ತವೆ ಸ್ವಾಮಿ."
ಜನ ನಕ್ಕರು. ಬರೆದುಕೊಂಡರು, ಬಾಲಕನಿಗೆ ತಿಳಿವಳಿಕೆ ಇದೆ.
ಆಮೇಲೆ ಕೇಳಿದರು:
ಸರ್ಕಾರಿ ತೋಪಿನ ಹೊನ್ನೆಮರ ಉರುಳಿದ ರಾತ್ರಿ
ನಿಮ್ಮಪ್ಪ ಎಲ್ಲಿದ್ದ?
"ಮನೇಲಿ. ನನ್ನ ಪಕ್ಕ ಮಲಗಿದ್ರು."

ಲಾಟೀನು ಹಿಡಿದಿದ್ದವನು ನಾನೇ.
ಅವ್ವ ಎರಡು ಸಲ ತಲೆಗೆ ಎರೆದಿದ್ದರೂ
ಗರಗಸದ ಹಸಿ ಹುಡಿ ಕೂದಲಲ್ಲಿ ಇತ್ತು.
ಮೂರು ತಿಂಗಳು ಒಳಗೆ ಹೋದವನು
ತೋಪು ಕಾಯುತ್ತಿದ್ದ ಓಬಳಬೋವಿ.
ನನ್ನ ಕಣ್ಣು ಹೋಗಲಿಲ್ಲ.
ಅರವತ್ತಾರರಲ್ಲೂ ಕನ್ನಡಕವಿಲ್ಲದೆ
ಸೂಜಿಗೆ ದಾರ ಪೋಣಿಸುತ್ತೇನೆ.

ಗೋಣಿ ಎಳೆದ ದಿನ ಮೊದಲು ಕಂಡದ್ದು
ಅಂಚಿನುದ್ದದ ಕಪ್ಪು ಹೊಳಪು.
ಎಷ್ಟು ಅಂಗೈಗಳ ಬೆವರು ಕುಡಿದಿದೆಯೋ.
ನಿಜ ಹೇಳಿದವರದೂ, ಹೇಳದವರದೂ
ಮರಕ್ಕೆ ಒಂದೇ ಎಣ್ಣೆ.
ಹತ್ತರಿ ಓಡಿಸಿದೆ, ಉಪ್ಪುಕಾಗದ ಹಾಕಿ ಉಜ್ಜಿದೆ,
ಒಳಗಿನಿಂದ ತೇಗ ಹೊಸ ಬೆಲ್ಲದ ಬಣ್ಣಕ್ಕೆ ಬಂತು.
ಎಡಮೂಲೆಯಲ್ಲಿ ಅಂಗೈಯಗಲ ಹಾಗೇ ಬಿಟ್ಟೆ.
ಯಾಕೆ ಅಂತ ಜಲಜಾಕ್ಷಮ್ಮ ಕೇಳಲಿಲ್ಲ,
ಅಥವಾ ಕೇಳಿದ್ದು ನನಗೆ ಕೇಳಿಸಲಿಲ್ಲ.
ಎತ್ತರ ಅರ್ಧಕ್ಕೆ ಇಳಿಸಿ, ಬಾಗಿಲ ಚಿಲಕ ಕಿತ್ತು,
ಮುಂದಕ್ಕೊಂದು ಹಲಗೆ ಚಾಚಿ,
ಮೇಲೆ ಹಳೇ ಸೀರೆಯ ಚಪ್ಪರ.
ಅಂಗಡಿ ಅನ್ನಿ, ಬಸ್ಸು ಅನ್ನಿ,
ಅವರು ಏನಂದರೆ ಅದು.

ಸೋಮವಾರ ಸಾಗಿಸಿ ಇಟ್ಟು, ಅಲುಗಾಡುತ್ತಾ ಅಂತ
ಒಂದು ಸಲ ಮೈಭಾರ ಹಾಕಿ ನೋಡಿದೆ. ಇಲ್ಲ.
ಈ ಮಕ್ಕಳಲ್ಲಿ ಓಬಳಬೋವಿಯ ಕಡೆಯವರು ಇರಬಹುದು.
ಹಾಜರಿ ಪುಸ್ತಕ ಕೈಯಳತೆಯಲ್ಲೇ ಇತ್ತು.
ತೆರೆಯಲಿಲ್ಲ.

ಮೂಗು ಸುರಿಸುತ್ತ ಒಬ್ಬಳು ಒಳಗೆ ಹತ್ತಿ
ಮಣ್ಣಿನ ಇಡ್ಲಿ ಜೋಡಿಸಿ ಕೂಗಿದಳು:
"ತಾತ, ನಿಂಗೆಷ್ಟು ಬೇಕು?"
"ಒಂದು ಸಾಕಮ್ಮ."
ನನ್ನನ್ನೇ ದಿಟ್ಟಿಸಿದಳು,
ಎರಡೂ ಕೈ ಅಂಚಿನ ಮೇಲೆ.
"ಸುಳ್ಳು. ನಿಂಗೆ ಹಸಿವಾಗೈತೆ."
ಅಂದು, ಮೂರು ಹಾಕಿದಳು.