ಮೈನರ್

ಮೇಜರು ಕೆಮಿಸ್ಟ್ರಿ. ಮೈನರ್ ಏನೆಂದು
ಮುಳ್ಳೇರಿಯ ಬಸ್ಸಿನಲ್ಲಿ ಕೇಳಿದರು ಲೀಲಾವತಿಯಕ್ಕ.
ಸಾರ್ವಜನಿಕ ನೀತಿ, ಅಂದೆ.
‘ನೀತಿಯನ್ನೂ ಈಗ ಕಾಲೇಜಿನಲ್ಲಿ ಕಲಿಸ್ತಾರ? ಒಳ್ಳೆದಾಯ್ತು’
ಎಂದು ಚೀಲ ಮಡಿಲಿಗೆ ಎಳೆದುಕೊಂಡರು.

ವಾರಕ್ಕೆ ನಾಲ್ಕು ಪೀರಿಯಡ್. ಲ್ಯಾಬಿನ ಕೋಟು ಬೇಡ.
ಈ ಸಲದ ಅಸೈನ್‌ಮೆಂಟು:
ಒಂದು ಅರ್ಜಿ ಎಷ್ಟು ಮೇಜು ದಾಟುತ್ತದೆ, ಎಣಿಸಿ.

ಪಂಚಾಯತು ಆಫೀಸಿನ ಬೆಂಚಿನಲ್ಲಿ ಕೂತೆ.
ಪಕ್ಕದಲ್ಲಿ ಬೀಫಾತಿಮ,
ಬೀಡಿ ಕಟ್ಟಿ ಕಟ್ಟಿ ಉಗುರು ಕಂದಿದವರು,
ಪಿಂಚಣಿಯ ಫಾರಂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.
ಮಲಯಾಳ. ಮಾತು ಬರುತ್ತದೆ ಅವರಿಗೆ, ನನಗಿಂತ ಚೆನ್ನಾಗಿ.
ಅಕ್ಷರ ಮಾತ್ರ ಕನ್ನಡದ್ದು,
ಏಳನೇ ಕ್ಲಾಸಿನವರೆಗಿನದು.

‘ಕನ್ನಡದ ಫಾರಂ ಉಂಟಲ್ಲ’ ಅಂದರು ಗುಮಾಸ್ತರು.
ಸುಳ್ಳಲ್ಲ. ಕಪಾಟು ತೆರೆದು ತೋರಿಸಿದರು.
ಕಟ್ಟು ಬಿಚ್ಚಿರಲಿಲ್ಲ;
ಗೆದ್ದಲು ಎರಡನೇ ಪುಟದವರೆಗೆ ಓದಿತ್ತು.

ನೋಡುವವರು ಕೈಹಾಕಬಾರದು
ಎಂದಿದ್ದರು ಸಜಿನಾ ಟೀಚರ್.
ನಾನು ಹೆಸರು ಬರೆದೆ. ಮನೆ ನಂಬ್ರ ಬರೆದೆ.
ವರಮಾನದ ಕಾಲಮ್ಮಿನ ಎದುರು
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

‘ನೀನು ಯಾವ ಆಫೀಸಿನವಳು ಮಗಳೇ?’
‘ಕಲಿಯುವವಳು.’
‘ಹಾಗಾದ್ರೆ ಮೆಲ್ಲ ಬರಿ,’ ಅಂದರು.
‘ನನಗೆ ಗಡಿಬಿಡಿ ಇಲ್ಲ. ಇದು ಮೂರನೇ ಸಲ.’

ವರದಿಯಲ್ಲಿ ಬರೆದಿದ್ದೇನೆ: ಮೇಜು ನಾಲ್ಕು.
ಬೆಂಚನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ,
ಟೀಚರನ್ನು ಇನ್ನೂ ಕೇಳಿಲ್ಲ.